ಒಂದೇ ಬ್ಯಾಂಡು, ನಾಲ್ಕು ಕೈ: ಕೋಲಾರದಲ್ಲಿ ಫಿಟ್‌ನೆಸ್ ಬ್ಯಾಂಡ್ ಹಾಕಿ ನೋಡಿದ್ದು

ಎರಡು ಸಾವಿರ ರೂಪಾಯಿ ಒಳಗೆ ಸಿಗುವ ಫಿಟ್‌ನೆಸ್ ಬ್ಯಾಂಡ್ ತಗೋಬಹುದಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ದಿನವೆಲ್ಲ ಕುರ್ಚಿ ಮೇಲೆ ಕೂರುವ ಕೆಲಸ ನಿಮ್ಮದಾದರೆ ತಗೊಳ್ಳಿ, ದುಡ್ಡಿಗೆ ಮೋಸ ಇಲ್ಲ. ಹೊರುವ, ಬಗ್ಗುವ, ಗಂಟೆಗಟ್ಟಲೆ ನಿಲ್ಲುವ ಕೆಲಸ ನಿಮ್ಮದಾದರೆ ಆ ದುಡ್ಡು ನಿಮ್ಮ ಹತ್ತಿರವೇ ಇರಲಿ. ಯಾಕೆ ಅಂತ ಹೇಳಲು ಇಷ್ಟುದ್ದ ಬರೆಯಬೇಕಾಯಿತು, ಪುರುಸೊತ್ತಿದ್ದರೆ ಓದಿ.

ನಾನು ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಎಷ್ಟು ಬಾಕ್ಸ್ ಬಂತು, ಎಷ್ಟಕ್ಕೆ ಹರಾಜಾಯಿತು, ರೈತರಿಗೆ ಎಷ್ಟು, ಹಮಾಲಿ ಎಷ್ಟು, ಇಷ್ಟೇ ನನ್ನ ಪ್ರಪಂಚ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗ ಟಿವಿಯವರೆಲ್ಲ ಬಂದು ನಿಂತಿದ್ದರಲ್ಲ, ಅದೇ ಮಾರ್ಕೆಟ್ಟು. ಬ್ಯಾಂಡ್ ತಂದುಕೊಟ್ಟಿದ್ದು ಬೆಂಗಳೂರಲ್ಲಿರುವ ನಮ್ಮಕ್ಕನ ಮಗ. "ಮಾವ, ಹೊಟ್ಟೆ ನೋಡ್ಕೊಳ್ಳಿ, ಇನ್ನೂ ಐವತ್ತಾಗಿಲ್ಲ ನಿಮಗೆ" ಅಂತ ಕೈಗೆ ಕಟ್ಟಿ ಹೋದ.

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಬರುವ ಬ್ಯಾಂಡುಗಳ ಹೊಟ್ಟೆಯೊಳಗೆ ಹೆಚ್ಚುಕಡಿಮೆ ಒಂದೇ ಸಾಮಾನು ಇರುತ್ತದೆ, ಮೇಲಿನ ಹೆಸರು ಬೇರೆ. ಡಿಸ್‌ಪ್ಲೇ ಚೆನ್ನಾಗಿದೆ, ಬಿಸಿಲಲ್ಲಿ ಸ್ವಲ್ಪ ಕಣ್ಣು ಕಿರಿದು ಮಾಡಬೇಕು. ಬ್ಯಾಟರಿ ವಾರ ಬರುತ್ತದೆ. ನೀರು ಬಿದ್ದರೆ ಏನೂ ಆಗಲ್ಲ. ಚಾರ್ಜರ್ ಕಳೆದರೆ ಬೇರೆ ಸಿಗುವುದು ಕಷ್ಟ, ಜೋಪಾನ. ಇಷ್ಟು ಸಾಕು, ಉಳಿದದ್ದು ಬಾಕ್ಸಿನ ಮೇಲೆಯೇ ಬರೆದಿರುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಹೆಜ್ಜೆ ಎಣಿಸುವುದು ಕಾಲಲ್ಲ, ಕೈ. ಒಳಗೊಂದು ಸಣ್ಣ ಚಿಪ್ ಇದೆ, ಕೈ ಬೀಸುವುದನ್ನು, ಅಲುಗುವುದನ್ನು ನೋಡಿ "ಓ, ನಡೀತಾ ಇದ್ದಾರೆ" ಅಂತ ಅಂದಾಜು ಮಾಡುತ್ತದೆ. ಎದೆಬಡಿತಕ್ಕೆ ಹಿಂದೆ ಹಸಿರು ದೀಪ ಮಿನುಗುತ್ತದಲ್ಲ, ಆ ಬೆಳಕು ಚರ್ಮದೊಳಗೆ ಹೋಗಿ ಎಷ್ಟು ವಾಪಸ್ ಬರುತ್ತದೆ ಅಂತ ನೋಡುತ್ತದೆ. ರಕ್ತ ಜಾಸ್ತಿ ಹರಿದಾಗ ಬೆಳಕು ಜಾಸ್ತಿ ಹೀರುತ್ತದೆ, ಅದರಿಂದ ಬಡಿತದ ಲೆಕ್ಕ. ಆಮ್ಲಜನಕಕ್ಕೆ ಕೆಂಪು ದೀಪ. ಅಂದರೆ ಕೈ ಬೀಸಬೇಕು, ಚರ್ಮದ ಮೂಲಕ ಬೆಳಕು ಸಲೀಸಾಗಿ ಹೋಗಬೇಕು, ಪಟ್ಟಿ ಬಿಗಿಯಾಗಿ ಕೂರಬೇಕು. ಈ ಮೂರೂ ಯಾರ ಕೈಯಲ್ಲಿ ಇರುತ್ತವೆ ಅನ್ನುವುದೇ ಮುಂದಿನ ಕಥೆ.

ನನ್ನ ಕೈಯಲ್ಲಿ ಇದ್ದವು. ನಾನು ಅದಕ್ಕೆ ಹೇಳಿ ಮಾಡಿಸಿದ ಗಿರಾಕಿ. ಮಂಡಿಯಲ್ಲಿ ಕೂತರೆ ಏಳುವುದು ಟೀಗೆ, ಊಟಕ್ಕೆ. ಮೊದಲ ವಾರ ದಿನಕ್ಕೆ ಎರಡೂವರೆ, ಮೂರು ಸಾವಿರ ಹೆಜ್ಜೆ ತೋರಿಸಿತು, ಅದರಲ್ಲೂ ಒಂದಷ್ಟು ಸ್ಕೂಟರ್ ಹಳ್ಳಕ್ಕೆ ಬಿದ್ದು ಎದ್ದಾಗ ಸಿಕ್ಕ ಪುಕ್ಕಟೆ ಹೆಜ್ಜೆಗಳು. ಗಂಟೆಗೊಮ್ಮೆ ಕೈ ಗುರ್ ಅನ್ನುತ್ತದೆ, ಏಳು ಅಂತ. ಎದ್ದು ಅಂಗಳದ ಆ ತುದಿಗೆ ಹೋಗಿ ಬರುತ್ತೇನೆ. ಬೆಳಗ್ಗೆ ವಿಶ್ವೇಶ್ವರಯ್ಯ ಸ್ಟೇಡಿಯಂನಲ್ಲಿ ಸುತ್ತು ಹಾಕುವುದು ಶುರುವಾಯಿತು, ಭಾನುವಾರ ಊರ ಪಕ್ಕದ ಅಂತರಗಂಗೆ ಬೆಟ್ಟದ ಮೆಟ್ಟಿಲು. ಬಸವನ ಬಾಯಿಂದ ಬರುವ ನೀರು ಮುಖಕ್ಕೆ ಹಾಕಿಕೊಂಡು, ಕೋತಿಗಳಿಂದ ಕಡಲೆಕಾಯಿ ಉಳಿಸಿಕೊಂಡು ಇಳಿದು ಬಂದರೆ ಎದೆಬಡಿತದ ಗೆರೆ ನೋಡಲು ಖುಷಿ. ನಿದ್ದೆಯ ಲೆಕ್ಕವೂ ಉಪಯೋಗಕ್ಕೆ ಬಂತು. ಹಾಸಿಗೆಗೆ ಹೋಗುವುದು ಹತ್ತಕ್ಕೆ, ನಿದ್ದೆ ಶುರುವಾಗುವುದು ಹನ್ನೆರಡಕ್ಕೆ, ನಡುವಿನ ಎರಡು ಗಂಟೆ ಎಲ್ಲಿ ಹೋಯಿತು ಅಂದರೆ ರೀಲ್ಸು. ಈಗ ಫೋನು ಹಾಲ್‌ನಲ್ಲಿ ಚಾರ್ಜಿಗೆ ಇರುತ್ತದೆ. ಪ್ಯಾಂಟು ಸಡಿಲ ಆಗಿದೆ ಅಂತ ಹೆಂಡತಿಯೇ ಒಪ್ಪಿಕೊಂಡಿದ್ದಾಳೆ, ಅದಕ್ಕಿಂತ ಸರ್ಟಿಫಿಕೇಟ್ ಬೇಡ.

ಅಂದ ಹಾಗೆ ಹತ್ತು ಸಾವಿರ ಹೆಜ್ಜೆ ಅನ್ನುವ ಗುರಿ ಯಾವ ಡಾಕ್ಟರೂ ಕಂಡುಹಿಡಿದದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮೇಲೆ, 1965ರಲ್ಲಿ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಸಂಖ್ಯೆ ಅದು. ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರನ್ನು ನೋಡಿ 2019ರಲ್ಲಿ ಬಂದ ಅಧ್ಯಯನದಲ್ಲಿ 4,400 ಹೆಜ್ಜೆಯವರಿಗೇ ಸಾವಿನ ಅಪಾಯ ಚೆನ್ನಾಗಿ ಕಮ್ಮಿ ಇತ್ತು, 7,500ರ ಸುಮಾರಿಗೆ ಲಾಭ ನಿಂತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೆಜ್ಜೆಯ ಲೆಕ್ಕವೂ ಅಲ್ಲ, ವಾರಕ್ಕೆ 150ರಿಂದ 300 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಅಂತ. ಹಾಗಾಗಿ ಆ ಸಂಖ್ಯೆ ಮುಟ್ಟಲಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಗಿರಕಿ ಹೊಡೆಯಬೇಡಿ, ಕೆಳಗಿನ ಮನೆಯವರಿಗೂ ನಿದ್ದೆ ಬೇಕಲ್ವಾ.

ಇಲ್ಲಿಗೆ ಬಿಟ್ಟಿದ್ದರೆ ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ. ನಮ್ಮ ಮಂಡಿಯ ಹಮಾಲಿ ಅಣ್ಣ ಒಂದು ದಿನ ನನ್ನ ಕೈ ಹಿಡಿದು ನೋಡಿದರು. "ಲೆಕ್ಕದ ಸಾರ್, ಇದು ಹೆಜ್ಜೆ ಎಣಿಸುತ್ತಂತಲ್ಲ, ನಂದು ಎಣಿಸಿದ್ರೆ ಕೆಟ್ಟೇ ಹೋಗುತ್ತೆ ಬಿಡಿ" ಅಂದರು. ಸರಿ, ಕಟ್ಟಿ ನೋಡೇ ಬಿಡೋಣ ಅಂತ ಕೊಟ್ಟೆ.

ಅವರ ವಯಸ್ಸು ಐವತ್ತೆರಡು, ನನಗಿಂತ ಹತ್ತು ವರ್ಷ ದೊಡ್ಡವರ ಹಾಗೆ ಕಾಣುತ್ತಾರೆ. ಮೈಯಲ್ಲಿ ಒಂದು ಚೂರು ಕೊಬ್ಬಿಲ್ಲ. ಸೀಸನ್ನಿನಲ್ಲಿ ರಾತ್ರಿಯಿಂದಲೇ ಗಾಡಿ ಬರುತ್ತವೆ, ಇಳಿಸುವುದು, ಸಾಲು ಹಾಕುವುದು, ಹರಾಜಾದ ಮೇಲೆ ಮತ್ತೆ ಲಾರಿಗೆ ಏರಿಸುವುದು. ತಲೆ ಮೇಲೆ ಟವೆಲ್ ಸಿಂಬೆ, ಅದರ ಮೇಲೆ ಎರಡು ಬಾಕ್ಸು, ಎರಡೂ ಕೈ ಮೇಲೆತ್ತಿ ಬಾಕ್ಸಿನ ಅಂಚು ಹಿಡಿದಿರುತ್ತಾರೆ. ಕೈ ಅಲುಗಿದರೆ ಮಾಲು ಕೆಳಗೆ. ಹಾಗಾಗಿ ಬ್ಯಾಂಡಿಗೆ ಅವರು ನಡೆಯುತ್ತಿರುವುದೇ ಗೊತ್ತಾಗುವುದಿಲ್ಲ! ನಂಬಿಕೆ ಬರಲಿಲ್ಲ ಅಂತ ನಾನೇ ಜೊತೆಯಲ್ಲಿ ನಡೆದು ಬಾಯಲ್ಲಿ ನೂರು ಎಣಿಸಿದೆ, ಅದು ತೋರಿಸಿದ್ದು ಅರ್ಧವೂ ಇಲ್ಲ. ವಾಪಸ್ ಬರುವಾಗ ಬರಿಗೈ, ಆಗ ಸರಿಯಾಗಿ ಎಣಿಸಿತು. ಅಂದರೆ ಅವರು ಮೂವತ್ತು ಕೆಜಿ ಹೊತ್ತು ನಡೆದದ್ದು ಲೆಕ್ಕಕ್ಕಿಲ್ಲ, ಖಾಲಿ ಬಂದದ್ದು ಲೆಕ್ಕಕ್ಕಿದೆ. ಇಂಥ ಲೆಕ್ಕ ನಾನು ಬರೆದಿದ್ದರೆ ಯಜಮಾನರು ಅವತ್ತೇ ಮನೆಗೆ ಕಳಿಸುತ್ತಿದ್ದರು.

ಹಾಗಿದ್ದೂ ಸಂಜೆಗೆ ಹದಿನಾಲ್ಕು ಸಾವಿರ ಚಿಲ್ಲರೆ. ಎದೆಬಡಿತ ಗಂಟೆಗಟ್ಟಲೆ ನೂರಿಪ್ಪತ್ತು, ನೂರಮೂವತ್ತರ ಮೇಲೆ. ಅವರ ಹತ್ತಿರ ಇರುವುದು ಬಟನ್ ಫೋನು, ಆಪ್ ಹಾಕಲು ಜಾಗವೇ ಇಲ್ಲ. ನನ್ನ ಫೋನಿನಲ್ಲೇ ತೋರಿಸಿದೆ. ಸ್ಕ್ರೀನ್ ತುಂಬ ಬಣ್ಣದ ಪಟಾಕಿ ಸಿಡಿಯಿತು. ಅಭಿನಂದನೆ, ನೀವು ಸೂಪರ್ ಆಕ್ಟಿವ್, ಕಾರ್ಡಿಯೋ ಗುರಿ ಮೂರು ಪಟ್ಟು ದಾಟಿದ್ದೀರಿ ಅಂತ ಇಂಗ್ಲಿಷಿನಲ್ಲಿ. ಓದಿ ಹೇಳಿದೆ. ಅವರು ಬೀಡಿ ಹಚ್ಚುತ್ತಾ ಕೇಳಿದರು, "ಹಂಗಾದ್ರೆ ಸೊಂಟ ಯಾಕೆ ನೋಯ್ತದೆ ಅಂತ ಕೇಳಿ ಸಾರ್ ಅದನ್ನ."

ಆ ಪ್ರಶ್ನೆಗೆ ಆಪ್‌ನಲ್ಲಿ ಉತ್ತರ ಇಲ್ಲ, ಆದರೆ ಉತ್ತರ ಇದೆ. 2021ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನ ಬಂತು. ಬಿಡುವಿನ ಹೊತ್ತಲ್ಲಿ ಓಡಾಡುವವರಿಗೆ ಹೃದಯದ ಕಾಯಿಲೆ, ಸಾವು ಎರಡರ ಅಪಾಯವೂ ಕಮ್ಮಿ. ಕೆಲಸದಲ್ಲೇ ಭಾರ ಎತ್ತಿ ಓಡಾಡುವವರಿಗೆ ಅಪಾಯ ಜಾಸ್ತಿ. ಒಂದೇ ಮೈ, ಒಂದೇ ಬೆವರು, ಫಲ ಉಲ್ಟಾ! ಸಿಗರೇಟು, ಓದು, ಆದಾಯ ಇವೆಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ವ್ಯತ್ಯಾಸ ಉಳಿದಿತ್ತು. ಕಾರಣ ಅಂತ ಅವರು ಅಂದಾಜಿಸುವುದು ನಮಗೂ ಹೊಳೆಯುವಂಥದ್ದೇ. ನಾನು ಸ್ಟೇಡಿಯಂನಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆಯುತ್ತೇನೆ, ಸುಸ್ತಾದರೆ ಕಟ್ಟೆ ಮೇಲೆ ಕೂರುತ್ತೇನೆ, ಬೇಡ ಅನಿಸಿದರೆ ಮನೆಗೆ ಹೋಗುತ್ತೇನೆ. ಅವರು ಎಂಟು ಹತ್ತು ಗಂಟೆ ಒಂದೇ ಸಮ, ಎದೆಬಡಿತ, ಬಿಪಿ ಎರಡೂ ಏರಿಕೊಂಡೇ ಇರುತ್ತವೆ, ಬಾಕ್ಸ್ ಲೆಕ್ಕದ ಕೂಲಿ ಆದ್ದರಿಂದ ಕೂತರೆ ಕಾಸಿಲ್ಲ, ಮೈ ರಿಪೇರಿ ಆಗುವಷ್ಟು ಬಿಡುವು ಸಿಗುವ ಮೊದಲೇ ಮರುದಿನದ ಗಾಡಿ ಬಂದಿರುತ್ತದೆ. ಬ್ಯಾಂಡಿಗೆ ಎರಡೂ ಒಂದೇ, ಎರಡಕ್ಕೂ ಪಟಾಕಿ.

ಇದು ಸಣ್ಣ ಕುಂದು ಅಂತ ನನಗನಿಸಲಿಲ್ಲ. ಮೈಗೆ ಬೇಕಾಗಿದ್ದು ವಿಶ್ರಾಂತಿ ಆದಾಗ "ಇನ್ನೂ ಸ್ವಲ್ಪ ನಡೀರಿ" ಅನ್ನುವ ಯಂತ್ರ ಆರೋಗ್ಯದ ಯಂತ್ರ ಹೇಗಾಗುತ್ತದೆ? ಅವತ್ತು ಸಂಜೆ ಆರಕ್ಕೆ, ಅಣ್ಣ ಮೂಟೆ ಒರಗಿ ಕಣ್ಣು ಮುಚ್ಚಿದ ಐದು ನಿಮಿಷಕ್ಕೆ, ಕೈ ಗುರ್ ಅಂತು. ಏಳು ಅಂತ. ನಾನೇ ಬಿಚ್ಚಿ ಇಟ್ಟುಕೊಂಡೆ.

ಆಮೇಲೆ ನಮ್ಮ ಬೀದಿಯ ನಾಲ್ಕೈದು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ಅಕ್ಕನಿಗೆ ಕೊಟ್ಟೆ. ನನ್ನ ಹೆಂಡತಿಗೆ ಇದೆಲ್ಲ ತಮಾಷೆ, "ನಿಮಗೆ ಮಾಡೋಕೆ ಕೆಲಸ ಇಲ್ಲ" ಅಂದಳು, ಆದರೆ ಕಟ್ಟಿದ್ದು ಅವಳೇ. ಮೊದಲ ತೊಂದರೆ ಬಳೆ. ಗಾಜಿನ ಬಳೆ ಸರಿಸಿ ಪಟ್ಟಿ ಬಿಗಿ ಮಾಡಬೇಕು, ಬಳೆ ತೆಗೆಯುವ ಮಾತೇ ಇಲ್ಲ. ಎರಡನೆಯದು ಹಚ್ಚೆ. ಅಕ್ಕನ ಮುಂಗೈ ಒಳಗಿಂದ ಹೊರಗಿನವರೆಗೂ ಚಿಕ್ಕಂದಿನಲ್ಲಿ ಹಾಕಿಸಿದ ಹಸಿರು ಹಚ್ಚೆ, ಚುಕ್ಕಿ, ಬಳ್ಳಿ, ಅವರಮ್ಮನ ಹೆಸರು. ಹಚ್ಚೆಯ ಬಣ್ಣ ಬೆಳಕನ್ನು ತಡೆಯುತ್ತದೆ, ದೊಡ್ಡ ದೊಡ್ಡ ವಾಚ್ ಕಂಪನಿಗಳೇ ಒಪ್ಪಿಕೊಂಡ ವಿಷಯ ಇದು. ಎದೆಬಡಿತದ ಜಾಗದಲ್ಲಿ ಎರಡು ಗೆರೆ ಬಂದು ನಿಂತಿತು, ಸಂಖ್ಯೆ ಬರಲೇ ಇಲ್ಲ. ಇನ್ನೊಂದು ಕೈಗೆ ಕಟ್ಟಿದ ಮೇಲೆ ಬಂತು. ಮೂರನೆಯದು ಸೋಪು ನೀರು. ಪಟ್ಟಿಯಡಿ ಸೇರಿಕೊಂಡು ಎರಡನೇ ದಿನಕ್ಕೆ ಮಣಿಕಟ್ಟು ಕೆಂಪಾಗಿ ತುರಿಕೆ. ನೀರು ಬಿದ್ದರೆ ಬ್ಯಾಂಡಿಗೆ ಏನೂ ಆಗಲ್ಲ ಅಂತ ಮೇಲೆ ಬರೆದೆನಲ್ಲ, ನಿಜ, ಬ್ಯಾಂಡಿಗೆ ಏನೂ ಆಗಲಿಲ್ಲ.

ಆಮ್ಲಜನಕದ ಅಳತೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕೈಗೆ ಕಟ್ಟುವ ಅಗ್ಗದ ಬ್ಯಾಂಡ್ ಹಾಗಿರಲಿ, ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರೇ ಕಪ್ಪು ಚರ್ಮದವರಲ್ಲಿ ಆಮ್ಲಜನಕ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ ಅಂತ 2020ರ ಡಿಸೆಂಬರಿನಲ್ಲಿ, ಕೋವಿಡ್ ನಡುವೆಯೇ, ಅಮೆರಿಕದ ಡಾಕ್ಟರುಗಳು ಬರೆದರು. ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಕಪ್ಪು ಜನರಲ್ಲಿ ಆಮ್ಲಜನಕದ ಕೊರತೆ ಯಂತ್ರದ ಕಣ್ಣು ತಪ್ಪಿಸಿತ್ತು. ಬಿಸಿಲಲ್ಲಿ ದುಡಿಯುವ ನಮ್ಮ ಕಡೆಯವರ ಕೈಗೆ ಆ ಸಂಖ್ಯೆ ಎಷ್ಟು ನೆಚ್ಚಬೇಕು ಅಂತ ನೀವೇ ನೋಡಿಕೊಳ್ಳಿ.

ಹೆಜ್ಜೆಯಲ್ಲಿ ಅಕ್ಕನಿಗೆ ಉಲ್ಟಾ ಅನ್ಯಾಯ. ಒರೆಸುವಾಗ ಕೈ ಆಚೆ ಈಚೆ ಹೋಗುತ್ತದಲ್ಲ, ಕೂತಲ್ಲೇ ಹೆಜ್ಜೆ ಏರುತ್ತದೆ. ಪಾತ್ರೆ ಉಜ್ಜಿದರೂ ಹೆಜ್ಜೆ. ಅಕ್ಕ ನಕ್ಕು ನಕ್ಕು ಸುಸ್ತಾದರು. ನಗು ನಿಂತಿದ್ದು ನೀರಿನ ವಿಷಯ ಬಂದಾಗ. ಆಪ್‌ನಲ್ಲಿ ಎರಡು ಗಂಟೆಗೊಮ್ಮೆ ಒಂದು ಲೋಟದ ಚಿತ್ರ ಬರುತ್ತದೆ, ನೀರು ಕುಡಿಯಿರಿ ಅಂತ. ಅಕ್ಕ ಹೇಳಿದ್ದು ಇಷ್ಟೇ: ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ಮಧ್ಯಾಹ್ನ ಎರಡರವರೆಗೂ ನೀರು ಕುಡಿಯಲ್ಲ, ಕುಡಿದರೆ ಹೋಗುವುದೆಲ್ಲಿಗೆ? ಮೂರು ಮನೆಯ ಬಾತ್‌ರೂಮು ಅವರೇ ತೊಳೆಯುತ್ತಾರೆ, ಒಂದನ್ನೂ ಬಳಸುವ ಹಾಗಿಲ್ಲ. ಒಂದು ಮನೆಯಲ್ಲಿ ಟೀ ಲೋಟ ಬೇರೆ, ಕಿಟಕಿ ಮೇಲೆ ಇಟ್ಟಿರುತ್ತಾರೆ. ಬೇಸಿಗೆಯಲ್ಲಿ ಉರಿಮೂತ್ರ ಬರುತ್ತದೆ, ಮೆಡಿಕಲ್ ಶಾಪಿನಲ್ಲಿ ಹೇಳಿ ಮಾತ್ರೆ ತಗೊಳ್ಳುತ್ತಾರೆ. ನನ್ನ ಹೆಂಡತಿ ಅವತ್ತು ಸುಮ್ಮನೆ ಎದ್ದು ಹೋಗಿ ನಮ್ಮ ಬಾತ್‌ರೂಮಿನ ಲೈಟು ಹಾಕಿ ತೋರಿಸಿ ಬಂದಳು. ಇನ್ನು ಮನೆಯಲ್ಲಿ ಕುಡಿಯುವ ನೀರು, ಅದು ನಮ್ಮ ಜಿಲ್ಲೆಯ ಹಳೇ ಕಥೆ. ಬೋರ್‌ವೆಲ್ ನೀರಲ್ಲಿ ಫ್ಲೋರೈಡು, ಆದ್ದರಿಂದ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋಗಿ ಕಾಯಿನ್ ಹಾಕಿ ತರಬೇಕು, ಘಟಕ ಕೆಟ್ಟಿದ್ದರೆ ಪಕ್ಕದ ಬೀದಿಗೆ. ಆ 20 ಲೀಟರ್ ಕ್ಯಾನ್ ಹೊತ್ತು ತರುವ ಹೆಜ್ಜೆಯೂ ಬ್ಯಾಂಡಿಗೆ ಸಿಗುವುದಿಲ್ಲ, ಕೈ ಅಲುಗಲ್ಲವಲ್ಲ.

ಅಕ್ಕನ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಆದರೆ ಅದು ಮಗನದು. ಇದು ಅವರೊಬ್ಬರ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ನೂರಕ್ಕೆ 33, ಗಂಡಸರಲ್ಲಿ 57. ಅದೇ ಸಮೀಕ್ಷೆಯಲ್ಲಿ ರಕ್ತಹೀನತೆ ಇರುವ ಹೆಂಗಸರೂ ನೂರಕ್ಕೆ 57. ಅಕ್ಕನಿಗೆ ಇಂಟರ್‌ನೆಟ್ ಬರುವುದು ಮಗ ತೋರಿಸಿದಷ್ಟು. ಮಗ ತೋರಿಸಿದ್ದು ಏನು ಗೊತ್ತಾ, ಯಾವನೋ ಬಿಳಿ ಕೋಟು ಹಾಕಿಕೊಂಡು ಬಿಪಿ ಮಾತ್ರೆ ಕಿಡ್ನಿ ತಿನ್ನುತ್ತದೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಬೆಳ್ಳುಳ್ಳಿ ನುಂಗಿ ಸಾಕು ಅಂತ ಹೇಳುವ ವಿಡಿಯೊ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಿದ್ದ ಮಾತ್ರೆ ಅಕ್ಕ ಬಿಟ್ಟಿದ್ದರು. ಆಶಾ ಕಾರ್ಯಕರ್ತೆ ಮನೆಗೆ ಬಂದು ಬೈದು, ಬಿಪಿ ನೋಡಿಸಿ, ಮತ್ತೆ ಶುರು ಮಾಡಿಸಿದರು. ಅದೇ ವಿಡಿಯೊ ನನಗೂ ಬಂದಿತ್ತು. ನನಗೆ ಅನುಮಾನ ಬಂದರೆ ಫೋನ್ ಮಾಡಿ ಕೇಳಲು ಬ್ಯಾಂಡ್ ಕೊಟ್ಟ ಬೆಂಗಳೂರಿನ ಹುಡುಗ ಇದ್ದಾನೆ, ಅವನ ಸ್ನೇಹಿತ ಡಾಕ್ಟರ್ ಇದ್ದಾನೆ. ಅಕ್ಕನಿಗೆ ಆ ಆಶಾ ತಾಯಿ ಒಬ್ಬರೇ.

ನಾಲ್ಕನೇ ಕೈ ನನ್ನ ನಾದಿನಿಯದು. ನರಸಾಪುರ ಕಡೆಯ ಒಂದು ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಾಳೆ, ಪಾಳಿ ಬದಲಾಗುತ್ತಲೇ ಇರುತ್ತದೆ. ಅವಳೇ ಇದನ್ನು ಆಸೆಪಟ್ಟು ಕೇಳಿದ್ದು, ಇನ್‌ಸ್ಟಾಗ್ರಾಮಿನಲ್ಲಿ ನೋಡಿ. ಫ್ಯಾಕ್ಟರಿ ಒಳಗೆ ಬ್ಯಾಂಡ್ ಬಿಡಲ್ಲ, ಫೋನಿನ ಜೊತೆ ಲಾಕರಿನಲ್ಲಿ ಇಟ್ಟು ಹೋಗಬೇಕು. ಅಂದರೆ ದಿನದಲ್ಲಿ ನಿಂತು ದುಡಿಯುವ ಅಷ್ಟೂ ಹೊತ್ತು ಬ್ಯಾಂಡ್ ಪ್ರಕಾರ ಅವಳು ಏನೂ ಮಾಡಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಬೆಳಗ್ಗೆ ಒಂಬತ್ತಕ್ಕೆ ಮಲಗಿದರೆ ಅದನ್ನು ನಿದ್ದೆ ಅಂತ ಒಪ್ಪಿಕೊಳ್ಳಲೂ ಇಲ್ಲ, ಸಣ್ಣ ಮಂಪರು ಅಂತ ಬರೆದುಕೊಂಡಿತು. ವಾರದ ಕೊನೆಗೆ ನಿದ್ದೆಯ ಅಂಕ ನೂರಕ್ಕೆ ಮೂವತ್ತೆಂಟು, ಜೊತೆಗೆ ಬುದ್ಧಿಮಾತು: ಪ್ರತಿದಿನ ಒಂದೇ ಹೊತ್ತಿಗೆ ಮಲಗಿ. ನಾದಿನಿ ಹೇಳಿದಳು, "ಭಾವ, ಇದನ್ನ ನಮ್ಮ ಸೂಪರ್‌ವೈಸರ್ ಕೈಗೆ ಕಟ್ಟಬೇಕು." ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವ ಇರುವ ಕೆಲಸ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲೇ ಹೇಳಿ, 2019ರಲ್ಲಿ ಮತ್ತೊಮ್ಮೆ ಪರಿಶೀಲಿಸಿ ಹಾಗೇ ಉಳಿಸಿದೆ. ಪಾಳಿ ಬದಲಿಸುವ ಗುಂಡಿ ಮಾತ್ರ ಆಪ್‌ನಲ್ಲಿ ಎಲ್ಲೂ ಇಲ್ಲ.

ಆಪ್ ಬಗ್ಗೆ ಬೇರೆಯಾಗಿಯೇ ಬೈಯಬೇಕು. ಕನ್ನಡ ಇಲ್ಲ. ಇಂಗ್ಲಿಷು, ಹಿಂದಿ, ಮತ್ತೆ ಯಾವ್ಯಾವುದೋ ದೇಶದ ಭಾಷೆ ಇದೆ. ಹೆಜ್ಜೆ ಎಣಿಸಲು ನನ್ನ ಕಾಂಟ್ಯಾಕ್ಟುಗಳ ಪಟ್ಟಿ ಯಾಕೆ ಬೇಕು ಅಂತ ಯಾರಾದರೂ ತಿಳಿದವರು ಹೇಳಿ. ಬೇಡ ಅಂತ ಒತ್ತಿ, ನಡೆಯುತ್ತದೆ. ಊಟ ಬರೆದುಕೊಳ್ಳುವ ಕಡೆ ರಾಗಿ ಮುದ್ದೆ ಹುಡುಕಿದರೆ ಬರಲಿಲ್ಲ, ಆವಕಾಡೊ ಟೋಸ್ಟ್ ಮೂರು ತರದ್ದು ಬಂತು. ಮಸ್ಸೊಪ್ಪು, ಹುರುಳಿ ಸಾರು ಕೇಳಲೇಬೇಡಿ. ಆದರೆ ಅದೇ ಪುಟದ ಕೆಳಗೆ ರಾಗಿ ಬಿಸ್ಕತ್ತಿನ ಜಾಹೀರಾತು ಇದೆ, ನಾಲ್ಕು ಕೆಜಿ ರಾಗಿ ಬರುವ ದುಡ್ಡಿಗೆ ಒಂದು ಡಬ್ಬಿ. ನಮ್ಮಜ್ಜಿ ಬದುಕಿದ್ದರೆ ಆ ಬೆಲೆ ಕೇಳಿ ಬೈದು ಅಟ್ಟುತ್ತಿದ್ದರು.

ಇನ್ನೂ ಒಂದು ನೋಡಿದೆ. ಆಪ್ ಹಾಕಿದ ಮೇಲೆ ನನ್ನ ರೀಲ್ಸೆಲ್ಲ ಆರೋಗ್ಯ ಆಗಿಹೋಯಿತು. ಬೆಳಗ್ಗೆ ನಾಲ್ಕೂವರೆಗೆ ಏಳುವವರು, ಐಸ್ ನೀರಲ್ಲಿ ಕೂರುವವರು, ಬಿಳಿ ಅಡುಗೆಮನೆಯಲ್ಲಿ ನಿಂತು ಹಸಿರು ಜ್ಯೂಸ್ ಮಾಡುವವರು. ಎಲ್ಲರೂ ಹೇಳುವುದು ಒಂದೇ ಮಾತು, ಮನಸ್ಸಿದ್ದರೆ ಆಗುತ್ತದೆ, ಕಾರಣ ಹೇಳಬೇಡಿ. ಆ ಅಡುಗೆಮನೆ ಒರೆಸಲು ಯಾರೋ ಒಬ್ಬರು ಆರೂವರೆಗೆ ಮನೆ ಬಿಟ್ಟು ಬಂದಿರುತ್ತಾರಲ್ಲ, ಅವರು ಫ್ರೇಮಿನಲ್ಲಿ ಎಲ್ಲೂ ಕಾಣಲ್ಲ. ನಮ್ಮ ಹಮಾಲಿ ಅಣ್ಣ ಬೆಳಗ್ಗೆ ನಾಲ್ಕಕ್ಕಲ್ಲ, ರಾತ್ರಿ ಎರಡಕ್ಕೇ ಏಳುತ್ತಾರೆ, ಅವರ ಮನಸ್ಸಿಗೆ ಏನೂ ಕಮ್ಮಿ ಇಲ್ಲ. ಆರೋಗ್ಯ ಕೆಟ್ಟರೆ ನಿನ್ನದೇ ತಪ್ಪು ಅಂತ ಹೇಳಿ ಬ್ಯಾಂಡು, ಜ್ಯೂಸು, ಪುಡಿ ಮಾರುವ ಈ ಧಾಟಿ ನನಗೆ ಹಿಡಿಸಲಿಲ್ಲ, ನನಗೆ ಅದರಿಂದ ಲಾಭ ಆಗಿದ್ದರೂ ಹಿಡಿಸಲಿಲ್ಲ. 2023ರಲ್ಲಿ ಬಂದ ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಶುಗರ್ ಇದೆ. ಹತ್ತು ಕೋಟಿ ಜನಕ್ಕೂ ಮನಸ್ಸಿಲ್ಲ ಅಂತಲಾ?

ಶುಗರ್ ಅಂದ ಮೇಲೆ ಎಚ್ಚರಿಕೆ ಒಂದು. ಬೆರಳು ಚುಚ್ಚದೇ ಶುಗರ್ ತೋರಿಸುತ್ತದೆ ಅಂತ ವಾಚುಗಳನ್ನು ಮಾರುತ್ತಾರೆ. ತಗೋಬೇಡಿ. ಚರ್ಮ ಚುಚ್ಚದೆ ಶುಗರ್ ಅಳೆಯುವ ಯಾವ ವಾಚಿಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ನಂಬಬೇಡಿ ಅಂತ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿದೆ. ಆ ಸಂಖ್ಯೆ ನಂಬಿ ಇನ್ಸುಲಿನ್ ಹೆಚ್ಚುಕಮ್ಮಿ ಮಾಡಿಕೊಂಡರೆ ಜೀವಕ್ಕೇ ಬರುತ್ತದೆ. ಬಿಪಿಗೂ ತೋಳಿಗೆ ಪಟ್ಟಿ ಸುತ್ತಿ ನೋಡುವುದೇ ಸರಿ.

ಹಾಗಾದರೆ ಹಮಾಲಿ ಅಣ್ಣನಿಗೆ, ಅಕ್ಕನಿಗೆ ಏನು ಬೇಕು ಅಂದರೆ, ಅದಕ್ಕೆ ಬ್ಯಾಂಡಿಗಿಂತ ಒಳ್ಳೆ ಸಾಮಾನು ಈಗಾಗಲೇ ಇದೆ, ಜಾಹೀರಾತಿಲ್ಲ ಅಷ್ಟೇ. 30 ವರ್ಷ ದಾಟಿದವರಿಗೆ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ಅಂತೆಲ್ಲ ನೋಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಮೊದಲು ಶುರು ಮಾಡಿದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ. ಬಂದಾಗ ಮನೆಯಲ್ಲಿ ಇಲ್ಲದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೋಲಾರದ ಸರ್ಕಾರಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೋ ಹೋಗಬಹುದು. ತೊಂದರೆ ಏನೆಂದರೆ ಅವರು ಬರುವುದು ಹಗಲು ಹೊತ್ತು, ದುಡಿಯುವವರು ಆಗ ಮನೆಯಲ್ಲಿ ಇರುವುದಿಲ್ಲ. ನಮ್ಮ ಮಂಡಿಯಲ್ಲಿ ಈಗ ಒಂದು ಬಿಪಿ ಮಿಷನ್ ಇಟ್ಟುಕೊಂಡಿದ್ದೇವೆ, ತೋಳಿಗೆ ಸುತ್ತುವಂಥದ್ದು. ಯಜಮಾನರನ್ನು ಒಪ್ಪಿಸಲು ಜಾಸ್ತಿ ಹೊತ್ತು ಬೇಕಾಗಲಿಲ್ಲ, ಅವರದೇ ಬಿಪಿ ನೋಡಿ ತೋರಿಸಿದೆ. ಬೆಲೆ ಬ್ಯಾಂಡಿನಷ್ಟೇ, ಹದಿನೈದು ಜನ ಬಳಸುತ್ತಾರೆ. ಹಮಾಲಿ ಅಣ್ಣನಿಗೆ 160ರ ಮೇಲೆ ಬಂತು. ಆಸ್ಪತ್ರೆಗೆ ಹೋಗಲು ಅರ್ಧ ದಿನ ಬಿಡಬೇಕು, ಅರ್ಧ ದಿನದ ಕೂಲಿ ಯಾರು ಕೊಡುತ್ತಾರೆ ಅನ್ನುವ ಮಾತು ಬಂತು. ಕೊನೆಗೆ ಉಳಿದ ಹಮಾಲಿಗಳು ಅವರ ಪಾಲಿನ ಗಾಡಿ ಇಳಿಸಿ, ಕೂಲಿ ಅವರ ಹೆಸರಿಗೇ ಬರೆಸಿದರು. ಲೆಕ್ಕ ಬರೆದವನು ನಾನೇ ಆದ್ದರಿಂದ ಗೊತ್ತು. ಈಗ ಮಾತ್ರೆ ತಗೊಳ್ಳುತ್ತಿದ್ದಾರೆ. ಬೀಡಿ ಬಿಟ್ಟಿಲ್ಲ, ಕೇಳಿದರೆ ನಗುತ್ತಾರೆ.

ಸರಿ, ವಿಮರ್ಶೆಗೆ ಬರೋಣ. ಕೂತು ಕೆಲಸ ಮಾಡುವವರಿಗೆ ಐದಕ್ಕೆ ನಾಲ್ಕು. ಏಳು ಅಂತ ನೆನಪಿಸುವುದಕ್ಕೆ ಎರಡು, ರಾತ್ರಿ ಫೋನಿನ ಬಂಡವಾಳ ಬಯಲು ಮಾಡುವುದಕ್ಕೆ ಎರಡು, ಕನ್ನಡ ಇಲ್ಲದ್ದಕ್ಕೆ ಉಳಿದ ಒಂದು ಕೊಡಲ್ಲ. ಹೊರುವವರಿಗೆ, ಒರೆಸುವವರಿಗೆ, ಪಾಳಿಯವರಿಗೆ ಐದಕ್ಕೆ ಒಂದು, ಅದೂ ಟೈಮ್ ಸರಿಯಾಗಿ ತೋರಿಸುತ್ತದೆ ಅಂತ. ವಯಸ್ಸಾದ ಅಪ್ಪ ಅಮ್ಮನಿಗೆ ಕೊಡಿಸುವ ಯೋಚನೆ ಇದ್ದರೆ ಮೊದಲು ಅವರ ಫೋನಿನಲ್ಲಿ ಆಪ್ ನಡೆಯುತ್ತದಾ ನೋಡಿ, ಅಕ್ಷರ ದೊಡ್ಡದು ಮಾಡಲು ಬರುವಂಥದ್ದು ತಗೊಳ್ಳಿ. ಜೊತೆಗೆ ಬರುವ ರಬ್ಬರ್ ಪಟ್ಟಿ ಬೆವರಿಗೆ ಆಗಲ್ಲ, ಬಟ್ಟೆ ಪಟ್ಟಿ ಬೇರೆ ಸಿಗುತ್ತದೆ, ಹಾಕಿಸಿಕೊಳ್ಳಿ. ಬಿಲ್ಲು ಇಟ್ಟುಕೊಳ್ಳಿ, ಒಂದು ವರ್ಷದ ವಾರಂಟಿಗೆ ಅದನ್ನೇ ಕೇಳುತ್ತಾರೆ.